ಬ್ಲೂಗ್ರಾಸ್ ಬಳಗದಲ್ಲಿ ಮೈಸೂರಿನ ಪಿಟೀಲು

ಪ್ರಶ್ನೆ: ಮೇಡಂ, ನಾನು ಮೈಸೂರಿನವಳು. ಪಿಟೀಲಿನಲ್ಲಿ ಸೀನಿಯರ್ ಮುಗಿಸಿದ್ದೇನೆ. ಈಗ ಅಮೆರಿಕದ ನಾರ್ತ್ ಕ್ಯಾರೊಲಿನಾದ ಕೇರಿ (Cary) ಎಂಬ ಊರಿನಲ್ಲಿದ್ದೇನೆ. ಪಕ್ಕದ ರಾಲಿಯ ಬೀದಿಗಳಲ್ಲಿ ನಡೆಯುತ್ತಿದ್ದ ಬ್ಲೂಗ್ರಾಸ್ (ಅಮೆರಿಕದ ತಂತಿವಾದ್ಯಗಳ ಒಂದು ಸಂಗೀತ ಶೈಲಿ) ಹಬ್ಬಕ್ಕೆ ಸುಮ್ಮನೆ ಹೋದವಳಿಗೆ ಆ ಸಂಗೀತದ ಹುಚ್ಚು ಹಿಡಿಯಿತು. ಇಲ್ಲೇ ಹತ್ತಿರದ ಒಂದು ಜ್ಯಾಮ್‌ಗೆ, ಅಂದರೆ ಸುತ್ತ ಕೂತು ಎಲ್ಲರೂ ಕೂಡಿ ನುಡಿಸುವ ಕೂಟಕ್ಕೆ, ವಾರವಾರ ಹೋಗುತ್ತೇನೆ. ಸಂಗೀತ ಪ್ರಾಣ, ಜನರ ವಿಷಯವೇ ಬಗೆಹರಿಯುತ್ತಿಲ್ಲ. ನನಗೆ ಆಪರೇಷನ್ ಆದಾಗ ಸರದಿ ಹಾಕಿಕೊಂಡು ಮನೆಗೆ ಊಟ ತಂದವರು ಇವರೇ. ಒಬ್ಬರು ಹಾಡುವಾಗ ನಾನು ಹಿಂದೆಯೇ ನುಡಿಸುತ್ತಿದ್ದರೆ ಎಲ್ಲರ ಮುಂದೆ "ಅಷ್ಟೊಂದು ನುಡಿಸಬೇಡಿ" ಎಂದವರೂ ಇವರೇ. ನನ್ನ ಸರದಿಯಲ್ಲಿ ಸ್ವಲ್ಪ ಗಮಕ ಬಂದರೆ "ಇದು ಬ್ಲೂಗ್ರಾಸ್ ಅಲ್ಲ" ಅನ್ನುತ್ತಾರೆ. ಒಬ್ಬರಂತೂ ಪ್ರತಿ ವಾರ "ಸಿತಾರ್ ತಂದಿಲ್ಲವೇ?" ಎಂದು ಕೇಳಿ ತಾವೇ ನಗುತ್ತಾರೆ. ಬಹಳಷ್ಟು ಹಾಡು ಯೇಸುವಿನ ಮೇಲೆ. ಕೆಲವದರಲ್ಲಿ ಗುಲಾಮಗಿರಿಯ ಕಾಲದ ಅಮೆರಿಕದ ಹಳೆಯ ದಕ್ಷಿಣದ ವೈಭವದ ಹಂಬಲ ಬೇರೆ, ಕೇಳಲು ಮುಜುಗರ. ಇತ್ತ ಕನ್ನಡದ ಗೆಳತಿಯರು "ಅದೇನು ದನ ಕಾಯೋರ ಸಂಗೀತ" ಎಂದು ಆಡಿಕೊಳ್ಳುತ್ತಾರೆ. ಬಿಟ್ಟುಬಿಡಲೇ? ಜೊತೆಗೊಂದು ಚಿಕ್ಕ ಪ್ರಶ್ನೆ: ಎರಡೂ ಸಂಗೀತಕ್ಕೆ ಒಂದೇ ಪಿಟೀಲು ಸಾಕೇ?

ಉತ್ತರ: ಬಿಡಬೇಡಿ. ಆದರೆ ಈಗ ಹೋಗುತ್ತಿರುವ ಹಾಗೆಯೇ ಹೋಗುತ್ತಲೂ ಇರಬೇಡಿ. ನೀವು ಒಂದೇ ಗಂಟಿನಲ್ಲಿ ಕಟ್ಟಿಟ್ಟ ನೋವುಗಳನ್ನು ಬಿಚ್ಚಿ ನೋಡಿದರೆ, ಕೆಲವಕ್ಕೆ ಕಾರಣ ನಿಮ್ಮ ಕಮಾನು, ಕೆಲವಕ್ಕೆ ಆ ಸೀಮೆಯ ಇತಿಹಾಸ, ಒಂದಕ್ಕೆ ಒಬ್ಬ ಮನುಷ್ಯನ ಒರಟುತನ. ಮದ್ದೂ ಬೇರೆ ಬೇರೆ.

ಕಮಾನಿನಿಂದ ಶುರು ಮಾಡುತ್ತೇನೆ. "ಅಷ್ಟೊಂದು ನುಡಿಸಬೇಡಿ" ಎಂಬ ಮಾತು ಬಂದದ್ದು ಯಾರೋ ಹಾಡುತ್ತಿದ್ದಾಗ, ನೀವು ಅವರ ಸಾಲನ್ನು ಹಿಂಬಾಲಿಸುತ್ತಿದ್ದಾಗ. ನಮ್ಮಲ್ಲಿ ಕಲಿತವರಿಗೆ ಅದು ರೂಢಿ, ಅಷ್ಟೇ ಅಲ್ಲ, ಕರ್ತವ್ಯ. ಪಕ್ಕವಾದ್ಯದ ಪಿಟೀಲೆಂದರೆ ಗಾಯಕರ ನೆರಳು. ಅವರು ಒಂದು ಸಂಗತಿ ಹಾಡಿದರೆ ಅರೆಕ್ಷಣ ಹಿಂದೆ ಅದೇ ಸಂಗತಿ ತಂತಿಯ ಮೇಲೆ ಕೇಳಬೇಕು. ಆಲಾಪನೆಯಲ್ಲಿ ಅವರು ಬಿಟ್ಟ ಸ್ವರವನ್ನು ನೀವು ಹಿಡಿದಿಡಬೇಕು. ಕೈಕಟ್ಟಿ ಕೂತ ಪಿಟೀಲಿನವರನ್ನು ನಮ್ಮ ಸಭೆಯೇ ಕ್ಷಮಿಸುವುದಿಲ್ಲ.

ಬ್ಲೂಗ್ರಾಸ್‌ನಲ್ಲಿ ಇದು ಪೂರಾ ತಿರುಗುಮುರುಗು. ಅಲ್ಲಿ ಹಾಡುವವರ ಸಾಲಿನ ಮೇಲೆ ಇನ್ನೊಂದು ವಾದ್ಯ ಅದೇ ಸ್ವರಗಳನ್ನು ನುಡಿಸಿದರೆ ಹಾಡುವವರನ್ನು ತುಳಿದ ಹಾಗೆ. ಪಿಟೀಲಿಗೆ ಜಾಗ ಇರುವುದು ಸಾಲು ಮುಗಿದು ಮುಂದಿನ ಸಾಲು ಬರುವ ನಡುವಿನ ಸಂದಿಯಲ್ಲಿ. ಅದೂ ಒಂದು ಚರಣಕ್ಕೆ ಒಂದೇ ವಾದ್ಯ: ಮೊದಲ ಚರಣದ ಸಂದಿಗಳನ್ನು ಪಿಟೀಲು ತುಂಬಿದರೆ ಎರಡನೆಯದು ಬ್ಯಾಂಜೊಗೋ ಡೋಬ್ರೋಗೋ (ಅಡ್ಡ ಮಲಗಿಸಿ ನುಡಿಸುವ ಗಿಟಾರ್) ಹೋಗುತ್ತದೆ. ಪಲ್ಲವಿಯಲ್ಲಿ ಎರಡು ಮೂರು ದನಿ ಕೂಡಿ ಹಾಡುವಾಗ ಎಲ್ಲ ವಾದ್ಯಗಳೂ ಹಿಂದೆ ಸರಿಯುತ್ತವೆ. ಈ ಸಂಗೀತವನ್ನು ಕಟ್ಟಿದ ಬಿಲ್ ಮನ್ರೋ ತಂಡದ 1946-47ರ ಧ್ವನಿಮುದ್ರಿಕೆಗಳಲ್ಲಿ ಚಬ್ಬಿ ವೈಸ್ ಅವರ ಪಿಟೀಲನ್ನು ಈ ಕಿವಿಯಿಂದ ಇನ್ನೊಮ್ಮೆ ಕೇಳಿ. ಅವರು ಎಲ್ಲಿ ನುಡಿಸಿದ್ದಾರೆ ಎನ್ನುವುದಕ್ಕಿಂತ ಎಲ್ಲಿ ಸುಮ್ಮನಿದ್ದಾರೆ ಎಂದು ಗುರುತು ಹಾಕಿಕೊಳ್ಳಿ.

ಹಾಗಾದರೆ ಸರದಿ ಇಲ್ಲದ ಹೊತ್ತಿನಲ್ಲಿ ಮಾಡುವುದೇನು? ಇದೇ ಜ್ಯಾಮ್‌ನ ಅಸಲಿ ಪರೀಕ್ಷೆ. ಆ ಸಂಗೀತದಲ್ಲಿ ತಾಳವಾದ್ಯವಿಲ್ಲ. ಮೃದಂಗದ ಕೆಲಸವನ್ನು ತಂತಿವಾದ್ಯಗಳೇ ಹಂಚಿಕೊಂಡಿವೆ. ಬಾಸ್ ಒಂದು ಮತ್ತು ಮೂರನೆಯ ಏಟು ಹಿಡಿಯುತ್ತದೆ. ಮ್ಯಾಂಡೊಲಿನ್ ಎರಡು ಮತ್ತು ನಾಲ್ಕರಲ್ಲಿ 'ಚಾಪ್' ಕೊಡುತ್ತದೆ, ಅಂದರೆ ಒಟ್ಟಿಗೆ ಹಿಡಿದ ತಂತಿಗಳನ್ನು ಮೀಟಿದ ಕೂಡಲೇ ಬೆರಳು ಸಡಿಲಿಸಿ ನಾದವನ್ನು ಅಲ್ಲೇ ಕತ್ತರಿಸುವುದು. ಗಿಟಾರ್ ಇವೆರಡನ್ನೂ ಹೊಲಿಯುತ್ತದೆ. ಬ್ಯಾಂಜೊ ನಡುವೆ ಸ್ವರಗಳನ್ನು ಉರುಳಿಸುತ್ತಿರುತ್ತದೆ. ಪಿಟೀಲಿಗೂ ಇಲ್ಲಿ ಒಂದು ಕೆಲಸ ಇದೆ. ಕಮಾನಿನ ಹಿಡಿಯ ಕಡೆಯ ತುದಿಯನ್ನು ತಂತಿಯ ಮೇಲೆ ಬೀಳಿಸಿ ಕರ್ ಎನಿಸುವ ಆ 'ಚಾಪ್' ಅನ್ನು ರೂಢಿಗೆ ತಂದವರು ರಿಚರ್ಡ್ ಗ್ರೀನ್. ಅರವತ್ತರ ದಶಕದಲ್ಲಿ ಮನ್ರೋ ತಂಡದಲ್ಲಿದ್ದವರು. ಒಂದಷ್ಟು ವಾರ ಅದೊಂದನ್ನೇ ಮಾಡಿ. ಬ್ರೇಕ್, ಅಂದರೆ ಒಬ್ಬರೇ ಮುಂದಾಗಿ ನುಡಿಸುವ ಸರದಿ, ನಿಮ್ಮತ್ತ ಬಂದರೆ ತಲೆಯಾಡಿಸಿ ಪಕ್ಕದವರಿಗೆ ದಾಟಿಸಿ. ನಾನು ಮ್ಯಾಂಡೊಲಿನ್ ಕೈಯವಳು, ಅನುಭವದಿಂದ ಹೇಳುತ್ತೇನೆ: ಒಳ್ಳೆಯ ಬ್ರೇಕ್ ನುಡಿಸಿದವರನ್ನು ಜ್ಯಾಮ್‌ನವರು ಹೊಗಳುತ್ತಾರೆ, ಒಳ್ಳೆಯ ಚಾಪ್ ಕೊಡುವವರು ಬಂದಾಗ ಕುರ್ಚಿ ಸರಿಸಿ ಜಾಗ ಮಾಡುತ್ತಾರೆ.

ಆದಿತಾಳ ಹಾಕಿದ ಕೈಗೆ ಎರಡು-ನಾಲ್ಕರ ಏಟು ಮೊದಮೊದಲು ಎಡವಟ್ಟು ಅನ್ನಿಸುವುದು ಸಹಜ. ಕಾಲಿನಲ್ಲಿ ಒಂದು-ಮೂರು, ಕಮಾನಿನಲ್ಲಿ ಎರಡು-ನಾಲ್ಕು ಎಂದು ಅಡುಗೆಮನೆಯಲ್ಲಿ ನಿಂತು ಸಾಧನೆ ಮಾಡಿ. ಬಾಕಿ ಸಂಜ್ಞೆಗಳು ಸುಲಭ. ಹಾಡನ್ನು ಆರಿಸಿದವರೇ ಅದರ ಶ್ರುತಿ ಹೇಳುತ್ತಾರೆ, ಬ್ರೇಕ್ ಯಾರಿಗೆ ಎಂದು ಕಣ್ಣಲ್ಲೇ ಕರೆಯುತ್ತಾರೆ, ಮುಗಿಸುವ ಸುತ್ತಿನಲ್ಲಿ ಒಂದು ಕಾಲೆತ್ತುತ್ತಾರೆ. ಪಿಟೀಲಿನವರು ಗತ್ತು (ಹಾಡಿಲ್ಲದ ವಾದ್ಯದ ಧಾಟಿ) ಶುರು ಮಾಡುವಾಗ ಮೊದಲು ನಾಲ್ಕು ಸಲ ಕಮಾನು ಎಳೆದು ಕಾಲಪ್ರಮಾಣ ಕೊಡುತ್ತಾರಲ್ಲ, ಅದಕ್ಕೆ ಅವರ ಆಡುಮಾತಿನ ಹೆಸರು ಆಲೂಗಡ್ಡೆ. ಯಾಕೆ ಎಂದು ನನ್ನನ್ನು ಕೇಳಬೇಡಿ, ನಾಲ್ಕು ಆಲೂಗಡ್ಡೆ ಹಾಕಿ ಶುರು ಮಾಡಿ.

ಇವೆಲ್ಲ ಯಾವ ಗೋಡೆಯ ಮೇಲೂ ಬರೆದಿರುವುದಿಲ್ಲ. ಅದಕ್ಕೇ ಹೊಸಬರಿಗೆ ನಿಯಮ ಮುರಿದ ಮೇಲೆ ನಿಯಮ ಗೊತ್ತಾಗುತ್ತದೆ, ಅವಮಾನದ ರೂಪದಲ್ಲಿ. ಬ್ಯಾಂಜೊ ವಾದಕ ಪೀಟ್ ವರ್ನಿಕ್ ಇದಕ್ಕೆಂದೇ ಜ್ಯಾಮ್ ಪಾಠಗಳ ಒಂದು ಪದ್ಧತಿ ಕಟ್ಟಿದ್ದಾರೆ. ಅದರಲ್ಲಿ ತರಬೇತಾದವರು ಹಲವು ಊರುಗಳಲ್ಲಿ ಪಾಠ ಮಾಡುತ್ತಾರೆ. ಅಂಥ ಒಂದು ಶಿಬಿರಕ್ಕೆ ಹೋಗಿಬನ್ನಿ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದೂ ಜ್ಯಾಮ್‌ನ ಹೊಸ್ತಿಲಲ್ಲಿ ನಡುಗಿ ನಿಂತವರು. ನಿಮಗೆ ಹೇಳಿದ ಮಾತನ್ನು ಅವರಿಗೂ ಯಾರೋ ಹೇಳಿರುತ್ತಾರೆ. ಮೊದಲ ನೋವಿನಲ್ಲಿ ನಿಮ್ಮ ಮೈಬಣ್ಣದ ಪಾತ್ರ ಇಲ್ಲ ಎಂದು ನಾನು ಧೈರ್ಯವಾಗಿ ಹೇಳುವುದು ಇದಕ್ಕೇ. ಎಲ್ಲರ ಮುಂದೆ ಹೇಳಿದ್ದು ತಪ್ಪು, ಬದಿಗೆ ಕರೆದು ಹೇಳಬಹುದಿತ್ತು. ಹೇಳಿದ ವಿಷಯ ಸರಿ.

"ಇದು ಬ್ಲೂಗ್ರಾಸ್ ಅಲ್ಲ" ಎಂಬುದು ಬೇರೆ ಜಾತಿಯ ಮಾತು. ಇದನ್ನು ಅಷ್ಟು ಸುಲಭವಾಗಿ ಒಪ್ಪಬೇಕಿಲ್ಲ.

ಈ ಸಂಗೀತ ಬೆಟ್ಟಗುಡ್ಡಗಳಲ್ಲಿ ಅನಾದಿಯಿಂದ ಹರಿದು ಬಂದದ್ದು ಎಂಬ ಭಾವನೆ ಕೇಳುವವರಿಗಿರಲಿ, ನುಡಿಸುವವರಲ್ಲೂ ಇದೆ. ಅದರ ವಯಸ್ಸು ಎಂಬತ್ತು ಚಿಲ್ಲರೆ. ಕೆಂಟಕಿಯ ರೋಸೀನ್ ಎಂಬ ಹಳ್ಳಿಯಲ್ಲಿ 1911ರಲ್ಲಿ ಹುಟ್ಟಿದ ಬಿಲ್ ಮನ್ರೋ ತನ್ನ ರಾಜ್ಯದ 'ಬ್ಲೂಗ್ರಾಸ್' ಎಂಬ ಅಡ್ಡಹೆಸರನ್ನು ತಂಡಕ್ಕಿಟ್ಟರು. 1939ರಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೊ ಕಾರ್ಯಕ್ರಮ ಸೇರಿದರು. 1945ರ ಡಿಸೆಂಬರ್‌ನಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ಇಪ್ಪತ್ತೊಂದರ ಹುಡುಗ ಮೂರು ಬೆರಳಿನ ಬ್ಯಾಂಜೊ ಹಿಡಿದು ಆ ತಂಡಕ್ಕೆ ಬಂದ ಮೇಲೆಯೇ ಇಂದು ನಾವು ಬ್ಲೂಗ್ರಾಸ್ ಎನ್ನುವ ನಾದ ಕೂಡಿಕೊಂಡಿತು. ಆ ಹುಡುಗ ನಿಮ್ಮ ರಾಜ್ಯದವನೇ, ಶೆಲ್ಬಿಯ ಹತ್ತಿರದವನು. ಮನ್ರೋ ಅದನ್ನು ಕಟ್ಟಿದ್ದಾದರೂ ಯಾವುದರಿಂದ? ಸೋದರಮಾವ ಪೆನ್ ವ್ಯಾಂಡಿವರ್ ಅವರ ನೃತ್ಯದ ಪಿಟೀಲು, ಚರ್ಚಿನ ಗಾಯನ, ಜೊತೆಗೆ ಆರ್ನಲ್ಡ್ ಶುಲ್ಟ್ಸ್ ಎಂಬ ಕಪ್ಪು ಸಂಗೀತಗಾರರ ಬ್ಲೂಸ್ ಗಿಟಾರ್. ಹುಡುಗನಾಗಿದ್ದಾಗ ಶುಲ್ಟ್ಸ್ ಜೊತೆ ಕೂತು ನೃತ್ಯಗಳಿಗೆ ನುಡಿಸಿದ್ದನ್ನು ಮನ್ರೋ ಮುಪ್ಪಿನವರೆಗೂ ನೆನೆಯುತ್ತಿದ್ದರು.

ಇನ್ನೂ ಒಂದು ಸಂಗತಿ ಕೈಯಲ್ಲಿಟ್ಟುಕೊಳ್ಳಿ. ಸ್ಕ್ರಗ್ಸ್ ಬರುವುದಕ್ಕೆ ಮುಂಚೆಯೇ ಮನ್ರೋ ತಂಡದಲ್ಲಿ ಒಬ್ಬ ಹೆಂಗಸು ಅಕಾರ್ಡಿಯನ್ ನುಡಿಸುತ್ತಿದ್ದರು, ಸ್ಯಾಲಿ ಆನ್ ಫಾರೆಸ್ಟರ್. ಇವತ್ತು ಯಾರಾದರೂ ಅಕಾರ್ಡಿಯನ್ ಹೊತ್ತು ನಿಮ್ಮ ಜ್ಯಾಮ್‌ಗೆ ಬಂದರೆ ಬಾಗಿಲಲ್ಲೇ ಮುಖ ಗಂಟಿಕ್ಕುವವರಿದ್ದಾರೆ! ಎಪ್ಪತ್ತರ ದಶಕದಲ್ಲಿ ಮ್ಯಾಂಡೊಲಿನ್‌ನ ಸ್ಯಾಮ್ ಬುಷ್ ಮತ್ತು ಗೆಳೆಯರು ಉದ್ದ ಕೂದಲು ಬಿಟ್ಟು, ರಾಕ್ ಬೆರೆಸಿ ನುಡಿಸಿದಾಗಲೂ ಇದೇ ಮಾತು ಕೇಳಿದ್ದರು. ಅವರೇ ಈಗ ಹಿರಿಯರು. ಯಾವುದು ಬ್ಲೂಗ್ರಾಸ್, ಯಾವುದು ಅಲ್ಲ ಎಂಬ ಜಗಳ ಈ ಬಳಗದ ಮನರಂಜನೆಯ ಅರ್ಧ ಭಾಗ. ನೀವು ಹೊರಗಿನವರೆಂದು ಅದು ನಿಮ್ಮ ಮೇಲೆ ಬಿದ್ದದ್ದಲ್ಲ. ಆ ಜಗಳಕ್ಕೆ ನಿಮ್ಮನ್ನೂ ಸೇರಿಸಿಕೊಂಡಿದ್ದಾರೆ ಎಂದು ತಿಳಿಯಿರಿ.

ಹಾಗೆಂದು ನಿಮ್ಮ ಎಲ್ಲ ಗಮಕಕ್ಕೂ ನಾನು ಪರವಾನಗಿ ಕೊಡುತ್ತಿಲ್ಲ. ನಮ್ಮ ರಾಗಕ್ಕೆ ಹಿಂದಿರುವುದು ತಂಬೂರಿಯ ಒಂದೇ ಆಧಾರ. ಅಲ್ಲಿ ಹಿಂದೆ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲುಗಳು, ಬದಲಾಗುತ್ತಿರುತ್ತವೆ. ನಿಂತ ನೆಲವೇ ಎರಡು ಮಾತ್ರೆಗೊಮ್ಮೆ ಸರಿಯುತ್ತದೆ. ತೋಡಿಯ ಗಾಂಧಾರದಂತೆ ಉದ್ದಕ್ಕೂ ತೂಗುವ ಕಂಪಿತವನ್ನು ಅದರ ಮೇಲಿಟ್ಟರೆ ಶ್ರುತಿ ಜಾರಿದ ಹಾಗೆಯೇ ಅವರ ಕಿವಿಗೆ ಕೇಳುತ್ತದೆ, ನಿಜ ಹೇಳಬೇಕೆಂದರೆ ನನ್ನ ಕಿವಿಗೂ. ಆದರೆ ಸಾಧಾರಣ ಗಾಂಧಾರದಿಂದ ಅಂತರ ಗಾಂಧಾರಕ್ಕೆ ಜಾರಿ ನಿಲ್ಲುವ ಒಂದು ಜಾರು ಇದೆಯಲ್ಲ, ಅದು ಅವರ ಬ್ಲೂಸ್‌ನ ಜೀವ. ನಿಮ್ಮ ಬೆರಳಿಗೆ ಅದು ಬಾಲ್ಯದಿಂದ ಬಂದಿದೆ, ಅವರು ವರ್ಷಗಟ್ಟಲೆ ಹುಡುಕುತ್ತಾರೆ. ಐದೇ ಸ್ವರದ ಹಾಡುಗಳು ಬಹಳ ಇವೆ, ಅವು ಮೋಹನದ ಸ್ವರಗಳೇ. ಅಲ್ಲಿ ಜಾರು ಹಾಕಿ, ಕಾರ್ಡ್ ಬದಲಾಗುವ ಏಟಿಗೆ ಸರಿಯಾಗಿ ಅದರದೇ ಸ್ವರದ ಮೇಲೆ ಇಳಿಯಿರಿ. ಕೆನ್ನಿ ಬೇಕರ್ ಅವರನ್ನು ಕೇಳಿ, ಮನ್ರೋ ಜೊತೆ ಅತಿ ಹೆಚ್ಚು ಕಾಲ ನುಡಿಸಿದ ಪಿಟೀಲುಗಾರ. ಅವರ ಕಮಾನಿನಲ್ಲಿ ಎಷ್ಟು ಜಾರು ಇದೆ, ಅದು ಎಲ್ಲಿ ನಿಲ್ಲುತ್ತದೆ ಎಂದು ನೋಡಿಕೊಂಡರೆ ನಿಮ್ಮ ಲಕ್ಷ್ಮಣರೇಖೆ ನಿಮಗೇ ಸಿಗುತ್ತದೆ.

ನಮ್ಮ ಸಂಗೀತವನ್ನೂ ಇದನ್ನೂ ಕೂಡಿಸಿದವರು ಇಲ್ಲದಿಲ್ಲ. ವಿಶ್ವಮೋಹನ ಭಟ್ಟರು ಡೋಬ್ರೋದ ಜೆರ್ರಿ ಡಗ್ಲಸ್ ಮತ್ತು ಬಾಸ್‌ನ ಎಡ್ಗರ್ ಮೇಯರ್ ಜೊತೆ ತೊಂಬತ್ತರ ದಶಕದಲ್ಲೇ ಧ್ವನಿಮುದ್ರಿಕೆ ತಂದರು. ಬ್ಯಾಂಜೊದ ಬೇಲಾ ಫ್ಲೆಕ್ ಮತ್ತು ಇದೇ ಮೇಯರ್, ಜಾಕಿರ್ ಹುಸೇನ್ ಮತ್ತು ರಾಕೇಶ್ ಚೌರಾಸಿಯಾ ಅವರೊಂದಿಗೆ ಮಾಡಿದ ಕೆಲಸಕ್ಕೆ 2024ರಲ್ಲಿ ಗ್ರ್ಯಾಮಿ ಬಂತು. ಆದರೆ ಅವೆಲ್ಲ ಸಮಸಮರು ಕೂತು ಹೊಸದನ್ನು ಕಟ್ಟಿದ ಕಛೇರಿಗಳು. ವಾರದ ಜ್ಯಾಮ್ ಅದಕ್ಕೆ ಜಾಗವಲ್ಲ. ಅಲ್ಲಿ ಸೇರುವುದು ಎಲ್ಲರಿಗೂ ಗೊತ್ತಿರುವುದನ್ನು ಎಲ್ಲರೂ ಕೂಡಿ ನುಡಿಸಲು. ಬೆರಕೆಯ ಆಸೆ ನಿಮಗಿದ್ದರೆ ಅದಕ್ಕೆ ಬೇರೆ ದಿನ, ಬೇರೆ ಇಬ್ಬರು ಗೆಳೆಯರನ್ನು ಹುಡುಕಿಕೊಳ್ಳಿ.

ಇಲ್ಲಿ ನಿಮಗೆ ಯಾರೂ ಹೇಳಿರದ ಒಂದು ದಾರಿ ತೋರಿಸುತ್ತೇನೆ. ಬಹುಶಃ ನಿಮ್ಮ ಕೈಗೆ ಒಪ್ಪುವುದು ಬ್ಲೂಗ್ರಾಸ್‌ಗಿಂತ ಅದರ ಅಕ್ಕ 'ಓಲ್ಡ್ ಟೈಮ್' ಸಂಗೀತ. ನೀವಿರುವ ರಾಜ್ಯ ಎರಡಕ್ಕೂ ತವರು. ಓಲ್ಡ್ ಟೈಮ್ ಜ್ಯಾಮ್‌ನಲ್ಲಿ ಬ್ರೇಕ್ ಎಂಬುದೇ ಇಲ್ಲ. ಎಲ್ಲರೂ ಒಂದೇ ಧಾಟಿಯನ್ನು ಒಟ್ಟಿಗೆ, ಮತ್ತೆ ಮತ್ತೆ, ಹತ್ತು ನಿಮಿಷವಾದರೂ ನುಡಿಸುತ್ತಿರುತ್ತಾರೆ. ಒಂದು ಶ್ರುತಿ ಹಿಡಿದರೆ ಗಂಟೆಗಟ್ಟಲೆ ಅದರಲ್ಲೇ. ಇನ್ನು ಈ ಸಂಗತಿ ಕೇಳಿ ನೀವು ಎದ್ದು ಕೂರುತ್ತೀರಿ: ಅಲ್ಲಿನ ಪಿಟೀಲುಗಾರರು ಎಷ್ಟೋ ಗತ್ತುಗಳಿಗೆ ತಂತಿಗಳನ್ನು ಎ-ಇ-ಎ-ಇ ಎಂದು ಕೂಡಿಸಿಕೊಳ್ಳುತ್ತಾರೆ. ಅಂದರೆ ಸ-ಪ-ಸ-ಪ. ಮೈಸೂರಿನಲ್ಲಿ ನಿಮ್ಮ ಗುರುಗಳು ಕೂಡಿಸಿಕೊಟ್ಟ ಶ್ರುತಿಯ ಕ್ರಮವೇ ಅದು. ಖಾಲಿ ತಂತಿಯನ್ನು ಜೊತೆಗೆ ಸವರುತ್ತಾ ಆಧಾರ ಇಟ್ಟುಕೊಂಡು ನುಡಿಸುವ ಅವರ ಅಭ್ಯಾಸವೂ ನಿಮಗೆ ಹೊಸದಾಗಿ ಕೇಳದು. ಹಳೆಯ ಪಿಟೀಲುಗಾರರಲ್ಲಿ ಅನೇಕರು ವಾದ್ಯವನ್ನು ಗದ್ದಕ್ಕೆ ಒತ್ತದೆ ಎದೆಗೆ ಆನಿಸಿ ನುಡಿಸುತ್ತಿದ್ದರು.

ಆ ಶೈಲಿಯ ದೊಡ್ಡ ಹೆಸರು ಟಾಮಿ ಜ್ಯಾರಲ್ (1901-1985), ಮೌಂಟ್ ಏರಿ ಊರಿನ ಬಗಲಿನವರು. ರಸ್ತೆ ಕೆಲಸ ಮಾಡಿ ನಿವೃತ್ತರಾದ ಮೇಲೆ, ಉತ್ತರದ ನಗರಗಳಿಂದ ಬಂದ ಗುರುತು ಪರಿಚಯವಿಲ್ಲದ ಹುಡುಗ ಹುಡುಗಿಯರನ್ನು ಮನೆಯಲ್ಲಿ ಕೂರಿಸಿಕೊಂಡು, ಉಣ್ಣಿಸಿ, ಉಳಿಸಿಕೊಂಡು ಕಲಿಸಿದರು. ಇವತ್ತು ಆ ಶೈಲಿ ಜಗತ್ತಿನ ಮೂಲೆಮೂಲೆಯಲ್ಲಿ ಉಳಿದಿದ್ದರೆ ಆ ಹೊರಗಿನವರ ಪಾಲೂ ಅದರಲ್ಲಿದೆ. ಮೌಂಟ್ ಏರಿಯಲ್ಲಿ ಪ್ರತಿ ಜೂನ್ ಮೊದಲ ವಾರಾಂತ್ಯ ಪಿಟೀಲುಗಾರರ ಸಮಾವೇಶ ನಡೆಯುತ್ತದೆ. ನಿಮ್ಮಲ್ಲಿಂದ ಕಾರಿನಲ್ಲಿ ಎರಡು ಗಂಟೆ ಚಿಲ್ಲರೆ ದಾರಿ. ವೇದಿಕೆಯ ಸ್ಪರ್ಧೆ ನೋಡುತ್ತಾ ಕೂರಬೇಡಿ, ಡೇರೆಗಳ ನಡುವೆ ಸುತ್ತಾಡಿ. ಅಸಲಿ ಸಂಗೀತ ಅಲ್ಲಿ.

ಈಗ ಸಿತಾರ್ ಮಹಾಶಯರು. ಇವರ ಬಗ್ಗೆ ನನ್ನಲ್ಲಿ ಇತಿಹಾಸದ ಸಮಾಧಾನ ಏನೂ ಇಲ್ಲ. ಮೊದಲ ಸಲ ಕೇಳಿದ್ದು ಪೆದ್ದುತನ ಇರಬಹುದು, ವಾರವಾರ ಕೇಳುವುದು ಚುಚ್ಚು. ನಗುತ್ತಾ ಸಹಿಸಿಕೊಂಡಷ್ಟೂ ಅದು ಆ ಜ್ಯಾಮ್‌ನ ಪದ್ಧತಿಯಾಗಿಬಿಡುತ್ತದೆ. ಎಲ್ಲರ ಮುಂದೆ ಜಗಳ ಬೇಡ. ವಾದ್ಯ ಪೆಟ್ಟಿಗೆಗೆ ಹಾಕುವ ಹೊತ್ತಿಗೆ ಅವರ ಹತ್ತಿರ ಹೋಗಿ, ನಗದೆ, "ಆ ಸಿತಾರ್ ಮಾತು ನನಗೆ ಹಿಡಿಸುವುದಿಲ್ಲ, ನಿಲ್ಲಿಸಿ" ಎಂದಷ್ಟೇ ಹೇಳಿ. ವಿವರಣೆ ಕೊಡಬೇಡಿ, ಸಿತಾರ್ ಉತ್ತರಾದಿಯದು ನಮ್ಮದು ಕರ್ನಾಟಕ ಸಂಗೀತ ಎಂಬ ಪಾಠವಂತೂ ಬೇಡವೇ ಬೇಡ. ಅಂಥವರಿಗೆ ಅದು ಇನ್ನೊಂದು ಹಾಸ್ಯಕ್ಕೆ ಸಾಮಗ್ರಿ. ಆಮೇಲೂ ನಿಲ್ಲದಿದ್ದರೆ ಜ್ಯಾಮ್ ನಡೆಸುವವರಿಗೆ ಹೇಳಿ. ಊಟ ತಂದುಕೊಟ್ಟವರಲ್ಲಿ ಒಬ್ಬರನ್ನು ಜೊತೆಗಿಟ್ಟುಕೊಳ್ಳಿ. ನಡೆಸುವವರು ಕೈ ಚೆಲ್ಲಿದರೆ ಆ ಜ್ಯಾಮ್ ಬಿಡಿ, ಸಂಗೀತವನ್ನಲ್ಲ. ಆ ಸುತ್ತಿನಲ್ಲಿ ಜ್ಯಾಮ್‌ಗಳಿಗೆ ಬರವಿಲ್ಲ. ರಾಲಿಯ ಪೈನ್‌ಕೋನ್ ಸಂಸ್ಥೆ 1984ರಿಂದ ಇಂಥ ಸಂಗೀತವನ್ನು ಬೆಳೆಸುವ ಕೆಲಸ ಮಾಡಿಕೊಂಡು ಬಂದಿದೆ, ಅವರನ್ನು ವಿಚಾರಿಸಿ.

ಆದರೆ "ನಿಮ್ಮ ಕಡೆಯದು ಏನಾದರೂ ನುಡಿಸಿ" ಎಂದು ಯಾರಾದರೂ ಕೇಳಿದರೆ ಅದನ್ನು ಈ ಚುಚ್ಚಿನ ಲೆಕ್ಕಕ್ಕೆ ಸೇರಿಸಬೇಡಿ. ಕೇಳುವವರ ಕಣ್ಣು ನೋಡಿದರೆ ತಿಳಿಯುತ್ತದೆ. ಮನಸ್ಸಿದ್ದರೆ ನುಡಿಸಿ, ಇಲ್ಲದಿದ್ದರೆ ಇಲ್ಲ.

ಅಲ್ಲಿನ ಜನ ತಮ್ಮ ಸಂಗೀತವನ್ನು ಇಷ್ಟು ಬಿಗಿಯಾಗಿ ಹಿಡಿದುಕೊಂಡಿರುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸ್ಕ್ರಗ್ಸ್ ಬ್ಯಾಂಜೊದಿಂದ ಹೊಟ್ಟೆ ಹೊರೆಯುವ ಮೊದಲು ಶೆಲ್ಬಿಯ ನೂಲಿನ ಗಿರಣಿಯಲ್ಲಿ ಗಂಟೆಗೆ 40 ಸೆಂಟ್ ಕೂಲಿಗೆ ದುಡಿದವರು. ಈ ಸಂಗೀತದ ಮೊದಲ ಕೇಳುಗರೂ ಅಂಥವರೇ, ಹೊಲ ಬಿಟ್ಟು ಗಿರಣಿಗೋ ಉತ್ತರದ ಕಾರ್ಖಾನೆಗೋ ಹೋದವರು. ಹಳೆಯ ಮನೆ, ಬಿಟ್ಟು ಬಂದ ತಾಯಿ ಎಂದು ಹಾಡುಗಳು ಹಲುಬುವುದು ಅದಕ್ಕೇ. ನಗರದವರು ಅವರನ್ನು ಗುಡ್ಡಗಾಡಿನ ಗಮಾರರೆಂದು ನಕ್ಕರು. ಆಮೇಲೆ ಗಿರಣಿಗಳು ಮುಚ್ಚಿದವು, ಇತ್ತ ನಿಮ್ಮ ಕೇರಿ ಬೆಳೆಯಿತು. 1970ರಲ್ಲಿ ಎಂಟು ಸಾವಿರ ಜನರೂ ಇಲ್ಲದ ಊರು 2020ರ ಗಣತಿಯಲ್ಲಿ 1 ಲಕ್ಷ 74 ಸಾವಿರ ದಾಟಿತ್ತು. ಕೇರಿ ಎಂದರೆ ಉತ್ತರದಿಂದ ವಲಸೆ ಬಂದವರನ್ನು ಕೂಡಿಹಾಕಿದ ದೊಡ್ಡಿ ಎಂಬ ಹಳೆಯ ನಗೆಹನಿಯನ್ನು ನೀವೂ ಕೇಳಿರುತ್ತೀರಿ. ನಾವು ಹೋಗುವ ಮೊದಲೇ ಅಲ್ಲಿ ಹೊರಗಿನವರು ಎಂಬ ಸ್ಥಾನ ಒಂದಿತ್ತು, ಅದರಲ್ಲಿ ನ್ಯೂಯಾರ್ಕಿನವರು ಕೂತಿದ್ದರು. ನಿಮ್ಮ ಜ್ಯಾಮ್‌ನಲ್ಲಿ ಟೋಪಿ ಹಾಕಿಕೊಂಡು ಎಲ್ಲರಿಗಿಂತ ಖಡಕ್ಕಾಗಿ ನಿಯಮ ಹೇಳುವವರು ಎಲ್ಲಿಯವರೆಂದು ಒಮ್ಮೆ ವಿಚಾರಿಸಿ ನೋಡಿ. ಓಹಾಯೊದಿಂದಲೋ ನ್ಯೂಜೆರ್ಸಿಯಿಂದಲೋ ಬಂದ ಸಾಫ್ಟ್‌ವೇರ್‌ನವರಾಗಿದ್ದರೆ ನನಗೆ ಆಶ್ಚರ್ಯವಿಲ್ಲ.

ನಿಮ್ಮ ಗೆಳತಿಯರ "ದನ ಕಾಯೋರ ಸಂಗೀತ"ವೂ ಆ ಹಳೆಯ ನಗುವಿನ ತಂಗಿಯೇ. ದನ ಕಾಯುವವನ ಕೊಳಲಿಗೆ ಅಷ್ಟಮಿಯ ದಿನ ಚಕ್ಕುಲಿ ಉಂಡೆ ಕಟ್ಟುವ ನಮ್ಮ ಬಾಯಲ್ಲಿ ಆ ಮಾತು ಬರಬಾರದಿತ್ತು ಎಂದು ಬೇಕಾದರೆ ಅವರಿಗೆ ತಿಳಿಸಿ.

ಯೇಸುವಿನ ಹಾಡುಗಳ ವಿಷಯ ಹೆಚ್ಚು ಎಳೆಯುವುದಿಲ್ಲ. ಮೊದಲಿನಿಂದಲೂ ಬ್ಲೂಗ್ರಾಸ್ ಕಛೇರಿಯಲ್ಲಿ ಭಕ್ತಿಗೀತೆಗೆ ಒಂದು ಭಾಗ ಮೀಸಲು, ನಾಲ್ಕು ದನಿಯ ಹಾಡುಗಾರಿಕೆ ಅದರಲ್ಲೇ ಅರಳಿದ್ದು. ನಮ್ಮ ಕೀರ್ತನೆಗಳನ್ನು ಯೇಸುದಾಸರು ಹಾಡಿದರು, ತಮ್ಮ ಹುಟ್ಟುಹಬ್ಬಕ್ಕೆ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಮುಂದೆ ಹಾಡುವುದನ್ನು ವ್ರತದಂತೆ ನಡೆಸಿದರು. ಇನ್ನೊಬ್ಬರ ದೇವರಿಗೆ ನಾದ ಕೊಡುವುದು ನಮಗೆ ಹೊಸ ವಿಚಾರವಲ್ಲ. ಸಾಲು ಬಾಯಿಗೆ ಬರದಿದ್ದರೆ ನುಡಿಸಿ, ಹಾಡಬೇಡಿ.

ಹಳೆಯ ದಕ್ಷಿಣದ ಹಂಬಲ ಹಾಗಲ್ಲ, ಅಲ್ಲಿ ನಿಮ್ಮ ಮುಜುಗರಕ್ಕೆ ಪೂರ್ಣ ಆಧಾರವಿದೆ. ಗುಲಾಮಗಿರಿಯ ಕಾಲವನ್ನು ಸಿಹಿ ನೆನಪಾಗಿಸಿದ ಹಾಡುಗಳಲ್ಲಿ ಅನೇಕವು ಹತ್ತೊಂಬತ್ತನೆಯ ಶತಮಾನದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಆಡುತ್ತಿದ್ದ ಆಟಗಳಿಂದ ಬಂದವು. ವಿಪರ್ಯಾಸ ನೋಡಿ, ಆ ಆಟಗಳ ಮುಖ್ಯ ವಾದ್ಯವಾದ ಬ್ಯಾಂಜೊ ಆಫ್ರಿಕಾದಿಂದ ಹಿಡಿದು ತಂದವರ ಕೈಯಲ್ಲಿ ಹುಟ್ಟಿದ್ದು. ಸೋರೆಬುರುಡೆಗೆ ಚರ್ಮ ಹೊದಿಸಿದ ಪಶ್ಚಿಮ ಆಫ್ರಿಕಾದ ವಾದ್ಯಗಳು ಅದರ ಪೂರ್ವಜರು. ಗಿಡ್ಡ ತಂತಿಯೊಂದು ಮೇಲೆ ಸದಾ ಮಿಡಿಯುವ ಏರ್ಪಾಡೂ ಅಲ್ಲಿಂದಲೇ ಬಂದದ್ದು. ನಿಮ್ಮ ಮನೆಯಿಂದ ಒಂದು ಗಂಟೆಯ ಒಳಗಿರುವ ಮೆಬೇನ್‌ನಲ್ಲಿ ಜೋ ಥಾಂಪ್ಸನ್ ಎಂಬ ಕಪ್ಪು ಪಿಟೀಲುಗಾರರು 2012ರವರೆಗೆ ಬದುಕಿದ್ದರು. ಅವರ ಮುಂದೆ ಕೂತು ಕಲಿತ ಗ್ರೀನ್ಸ್‌ಬರೋದ ರಿಯಾನನ್ ಗಿಡೆನ್ಸ್ 2017ರಲ್ಲಿ ರಾಲಿಯಲ್ಲೇ, ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಘದ ಸಮ್ಮೇಳನದಲ್ಲಿ ಆಶಯ ಭಾಷಣ ಮಾಡುತ್ತಾ ಈ ಮರೆತ ಚರಿತ್ರೆಯನ್ನು ಆ ಸಭೆಯ ಮುಖಕ್ಕೇ ಹೇಳಿದರು. ಆ ಸಂಘದ ಪ್ರತಿಷ್ಠಾನದಲ್ಲಿ ಈಗ ಆರ್ನಲ್ಡ್ ಶುಲ್ಟ್ಸ್ ಹೆಸರಿನ ನಿಧಿಯೊಂದಿದೆ, ಬ್ಲೂಗ್ರಾಸ್‌ನಲ್ಲಿ ಬಿಳಿಯರಲ್ಲದವರ ಪಾಲು ಹೆಚ್ಚಿಸಲೆಂದು. ಹಾಗಾಗಿ ನಿಮಗಾಗುವ ಮುಜುಗರ ಹೊರಗಿನ ಹೆಂಗಸಿನ ಅತಿಸೂಕ್ಷ್ಮತೆ ಎಂದು ಯಾರಾದರೂ ಅಂದರೆ ನಂಬಬೇಡಿ. ಅದೇ ಬಳಗದ ಒಳಗೇ ಆ ವಾದ ನಡೆದಿದೆ. ಅಂಥ ಹಾಡು ಬಂದಾಗ ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು ಕೂರಿ. ಜ್ಯಾಮ್‌ನಲ್ಲಿ ಅದಕ್ಕೆ ಎಲ್ಲರಿಗೂ ಹಕ್ಕಿದೆ, ಕಾರಣ ಹೇಳಬೇಕಿಲ್ಲ. ಕೇಳಿದರೆ ಹೇಳಿ.

ನೀವು ಬರೆಯದಿದ್ದರೂ ನಾನು ಸೇರಿಸಬೇಕಾದ ಒಂದು ಮಾತಿದೆ: ಹಾಡು ಆರಿಸುವ ಸರದಿ ಬಂದಾಗ ನೀವು ಸುಮ್ಮನೆ ತಲೆಯಾಡಿಸಿ ಮುಂದಕ್ಕೆ ಕಳಿಸುತ್ತೀರಿ ಎಂದು ನನ್ನ ಊಹೆ. ಗಂಡಸರು ತುಂಬಿದ ಗುಂಪಿನಲ್ಲಿ ಹೆಂಗಸರು ಹೆಚ್ಚಾಗಿ ಹಾಗೆಯೇ. ಜಿ, ಎ, ಬಿ ಎಂದು ಗಂಡಸರ ಕಂಠಕ್ಕೆ ಕೂರುವ ಶ್ರುತಿಗಳಲ್ಲೇ ಸಂಜೆ ಮುಗಿಯುತ್ತದೆ. ಆದರೆ ಅಲ್ಲಿನ ನಿಯಮ ನಿಮ್ಮ ಪರ ಇದೆ. ಹಾಡುವವರ ಶ್ರುತಿಯೇ ಹಾಡಿನ ಶ್ರುತಿ. ನೀವು ಎಫ್ ಎಂದರೆ ಉಳಿದವರು ಗೊಣಗುತ್ತಾ ಕೇಪೊ (ಗಿಟಾರ್, ಬ್ಯಾಂಜೊಗಳ ಶ್ರುತಿ ಏರಿಸುವ ಹಿಡಿಕೆ) ಸರಿಸಿಕೊಳ್ಳಬೇಕು, ಅಷ್ಟೇ. ಹೇಜಲ್ ಡಿಕನ್ಸ್ ಮತ್ತು ಆಲಿಸ್ ಜೆರಾರ್ಡ್ ಅರವತ್ತರ ದಶಕದಲ್ಲಿ ಗಂಡಸರ ಹಾಡುಗಾರಿಕೆ ಎನಿಸಿದ್ದನ್ನು ಹೆಣ್ಣುದನಿಯಲ್ಲಿ ಹಾಡಿ ದಾರಿ ಮಾಡಿದರು. ಡರಮ್‌ನಲ್ಲಿ ನೆಲೆಸಿದ ಜೆರಾರ್ಡ್ ಅವರ ಹಾಡುಗಳನ್ನು ನಿಮ್ಮ ಸುತ್ತಿನ ಜ್ಯಾಮ್‌ನವರು ಚೆನ್ನಾಗಿ ಬಲ್ಲರು. ಎರಡು ಹಾಡು ಬಾಯಿಪಾಠ ಮಾಡಿ, ಮೊಬೈಲ್ ನೋಡದೆ ಹಾಡುವಷ್ಟು. ನಿಮ್ಮ ಹಾಡಿಗೆ ಅವರು ಹಿಂದೆ ಸರಿದು ಜಾಗ ಬಿಟ್ಟಾಗ, ನಿಮಗೆ "ಅಷ್ಟೊಂದು ನುಡಿಸಬೇಡಿ" ಎಂದದ್ದು ಯಾಕೆ ಎಂಬುದೂ ಒಳಗಿನಿಂದಲೇ ಅರ್ಥವಾಗುತ್ತದೆ.

ಊಟ ತಂದವರೂ ಇವರೇ, ನೋಯಿಸಿದವರೂ ಇವರೇ ಎಂಬುದು ನಿಮಗೆ ಒಗಟಾಗಿದೆ. ಅಲ್ಲಿ ಹಾಗೆಯೇ. ವರ್ಷಗಟ್ಟಲೆ ಜೊತೆಗೆ ನುಡಿಸಿದವರಿಗೆ ಪರಸ್ಪರರ ಮಕ್ಕಳ ಹೆಸರು ಗೊತ್ತಿರುವುದಿಲ್ಲ, ಆದರೆ ಆಸ್ಪತ್ರೆ ಸೇರಿದ ಸುದ್ದಿ ಬಂದರೆ ಪಾತ್ರೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ನಮ್ಮ ಲೆಕ್ಕದ ಸ್ನೇಹ ಇದಲ್ಲ, ಮೊದಲು ಮಾತು, ಕಾಫಿ, ಮನೆಮಂದಿಯ ವಿಚಾರ, ಆಮೇಲೆ ಉಳಿದದ್ದು ಎಂಬ ನಮ್ಮ ಕ್ರಮ ಅಲ್ಲಿಲ್ಲ. ಚಿತ್ರಾನ್ನ ಮಾಡಿಕೊಂಡು ಹೋಗಿ ಎಲ್ಲರ ಮನಸ್ಸು ಗೆಲ್ಲಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ನಾನು ಕೊಡುವುದಿಲ್ಲ. ಊಟ ತಂದವರನ್ನು ಮಾತ್ರ ಮನೆಗೆ ಕರೆಯಿರಿ, ವಾದ್ಯದ ಜೊತೆ.

ಇನ್ನು ಪಿಟೀಲು: ಎರಡು ಬೇಕು. ಬ್ಲೂಗ್ರಾಸ್‌ನ ಜಿ-ಡಿ-ಎ-ಇ ಇಂದ ನಿಮ್ಮ ಕರ್ನಾಟಕ ಶ್ರುತಿಗೂ ಅಲ್ಲಿಂದ ವಾಪಸ್ಸಿಗೂ ವಾರವಾರ ತಿರುವುತ್ತಿದ್ದರೆ ತಂತಿ ಬೇಗ ಸಾಯುತ್ತದೆ, ತಂತಿಗಳನ್ನು ಹೊತ್ತ ಕುದುರೆ ಬಾಗುತ್ತದೆ, ಶ್ರುತಿ ಎಂದೂ ನೆಲೆ ನಿಲ್ಲುವುದಿಲ್ಲ. ಮೈಸೂರಿನದನ್ನು ಮುಟ್ಟಬೇಡಿ. ಜ್ಯಾಮ್‌ಗೆ ಅಲ್ಲೇ ಒಂದು ಹಳೆಯ ವಾದ್ಯ ಕೊಳ್ಳಿ, ಕುದುರೆಯ ಮೇಲ್ಭಾಗವನ್ನು ಸ್ವಲ್ಪ ಚಪ್ಪಟೆ ಮಾಡಿಸಿ, ಎರಡು ತಂತಿ ಒಟ್ಟಿಗೆ ಸವರಲು ಅನುಕೂಲ. ಕೆಳಗೆ ನಾಲ್ಕು ತಂತಿಗೂ ಶ್ರುತಿ ತಿದ್ದುವ ಸಣ್ಣ ತಿರುಪು (ಫೈನ್ ಟ್ಯೂನರ್) ಇರಲಿ, ಎ-ಇ-ಎ-ಇ ಕೂಡಿಸಿದ ಮೇಲೆ ಸಣ್ಣಪುಟ್ಟ ಸರಿಪಡಿಕೆಗೆ ಬೇಕಾಗುತ್ತದೆ. ಬಯಲಿನಲ್ಲಿ, ಜೂನ್ ಬಿಸಿಲಲ್ಲಿ ನುಡಿಸುವ ವಾದ್ಯ ಅದು. ಬಹಳ ದುಬಾರಿಯದು ಬೇಡ.